ಉಡಿ ತುಂಬಿತು, ಪಟ್ಟಿ ತುಂಬಲಿಲ್ಲ

ಮೊದಲನೇ ನಂಬರು ಎತ್ತಿದ್ದು ಗಂಡಸು. ಎರಡನೆಯದನ್ನು ಎತ್ತಿದ್ದೂ ಗಂಡಸು. ಮೂರನೆಯದು ಸ್ವಿಚ್ ಆಫ್. ನಾಲ್ಕನೆಯದನ್ನು ಎತ್ತಿದವರು ನನ್ನ ಮಾತು ಮುಗಿಯುವ ಮೊದಲೇ, “ಆಕಿ ಹೊಲಕ್ಕ ಹೋಗ್ಯಾಳ್ರಿ. ಏನಿತ್ತು ನನಗ ಹೇಳ್ರಿ” ಎಂದರು. ಪ್ರವಾಸ ಹೊರಡುವ ಹಿಂದಿನ ದಿನ ಕಲಬುರಗಿಯ ಪಕ್ಷದ ಕಚೇರಿಯಲ್ಲಿ ಕೂತು, ಮಹಿಳಾ ಘಟಕದ ಹೊಣೆ ಹೊತ್ತ ನಾನು ಮಾಡಿದ ಕರೆಗಳು ಇವು. ಕೈಯಲ್ಲಿದ್ದದ್ದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಹಿಳಾ ಬೂತ್ ಕಾರ್ಯಕರ್ತೆಯರ ಪಟ್ಟಿ. ಬೂತಿಗೆ ಮೂರು ಹೆಸರು, ಪ್ರತಿ ಹೆಸರಿನ ಮುಂದೆ ಮೊಬೈಲ್ ನಂಬರು, ಒಂದು ಸಾಲೂ ಖಾಲಿ ಇಲ್ಲ. ನೋಡಿದರೆ ಕಣ್ಣು ತುಂಬಬೇಕು, ಅಷ್ಟು ಅಚ್ಚುಕಟ್ಟು. ಸಂಜೆಯವರೆಗೂ ಫೋನ್ ಹಚ್ಚಿದೆ. ಒಂದೇ ಒಂದು ಹೆಣ್ಣಿನ ದನಿ ಕೇಳಲಿಲ್ಲ.

ನಡೆದದ್ದು ಇಷ್ಟೇ. ಬೂತಿಗೆ ಮೂವರು ಹೆಣ್ಣುಮಕ್ಕಳು ಕಡ್ಡಾಯ ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ತಾಲೂಕಿನವರು ಊರ ಮುಖಂಡರಿಗೆ ಹೇಳಿದರು, ಊರ ಮುಖಂಡರು ಮನೆಯಲ್ಲಿ ಕೂತು ಹೆಂಡತಿ, ತಮ್ಮನ ಹೆಂಡತಿ, ಅತ್ತಿಗೆಯ ಹೆಸರು ಬರೆದು, ನಂಬರಿನ ಜಾಗದಲ್ಲಿ ತಮ್ಮದೇ ನಂಬರು ಹಾಕಿ ಕಳಿಸಿದರು. ಹೆಸರಿದ್ದವರಿಗೆ ತಮ್ಮ ಹೆಸರು ಇರುವುದೇ ಗೊತ್ತಿರಲಿಲ್ಲ.

ಇದರಲ್ಲಿ ಕಳ್ಳತನವೇನೂ ಇಲ್ಲ, ಎಲ್ಲ ಪಕ್ಷದವರೂ ಹೀಗೇ ಮಾಡುತ್ತಾರೆ ಎಂದು ಜಿಲ್ಲಾ ಅಧ್ಯಕ್ಷರು ಸಮಾಧಾನ ಹೇಳಿದರು. ಆದರೆ ಈ ಸಮಾಧಾನ ನನಗೆ ಹೋದ ಸಲವೇ ತುಟ್ಟಿಯಾಗಿತ್ತು. ಹೋದ ಚುನಾವಣೆಯಲ್ಲಿ ನಮ್ಮ ಅಭ್ಯರ್ಥಿ ಬೆರಳೆಣಿಕೆಯ ಮತಗಳಿಂದ ಸೋತರು. ಒಂದು ಬೂತಿನಲ್ಲಿ, ಊರಿನ ಹೆಸರು ಬೇಡ, ಪುಣೆಗೆ ದುಡಿಯಲು ಹೋಗಿದ್ದ ಹೆಣ್ಣುಮಕ್ಕಳ ಹೆಸರಿನಲ್ಲಿ ಬೇರೆ ಯಾರೋ ಬಂದು ಮತ ಹಾಕಿ ಹೋಗಿದ್ದರು. ಮತ ಹಾಕುವವರ ಗುರುತು ನೋಡಲು ಪಕ್ಷದ ಪರವಾಗಿ ಒಳಗೆ ಕೂತಿದ್ದ ನಮ್ಮ ಏಜೆಂಟ್ ಒಬ್ಬ ಯುವಕ. ತಲೆ ಮೇಲೆ ಸೆರಗು ಎಳೆದುಕೊಂಡು ಬಂದ ಹೆಂಗಸಿನ ಮುಖ ಅವನು ಹೇಗೆ ನೋಡಬೇಕು? ಗುರುತಿನ ಚೀಟಿಯ ಫೋಟೋ ಅವಳ ಮದುವೆಗೂ ಮೊದಲಿನದು. ಆಕ್ಷೇಪ ಎತ್ತುವ ಹಕ್ಕಿತ್ತು, ಎತ್ತಲು ಧೈರ್ಯವಿರಲಿಲ್ಲ. ಆ ಬೂತಿಗೆ ಮಹಿಳಾ ಏಜೆಂಟ್ ನೇಮಕವಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು. ಒಂದು ಫೋನು ಮಾಡಿ ಕೇಳದೆ ಹಾಕಿದ್ದೆ.

ಈ ಸಲ ಸುಳ್ಳು ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದು ಅಧ್ಯಕ್ಷರಿಗೆ ಹೇಳಿದೆ. ಹಾಗಾದರೆ ನೀವೇ ಹೋಗಿ ಬರ್ರಿ ಎಂದರು. ಒಂಬತ್ತು ದಿನ ಕೊಟ್ಟರು, ಒಂದು ಗಾಡಿ ಕೊಟ್ಟರು, ಗಾಡಿ ಓಡಿಸಲು ಅರವತ್ತು ದಾಟಿದ ಒಬ್ಬ ಚಾಚಾನನ್ನು ಕೊಟ್ಟರು. ಮೂರು ತಾಲೂಕು ಸುತ್ತಿ ನಿಜವಾದ ಹೆಸರು ತರಬೇಕು. ಮೂರು ಸಿಗದಿದ್ದರೆ ಬೂತಿಗೆ ಒಂದಾದರೂ ಸಾಕು, ಆದರೆ ಅವಳು ಆ ಬೂತಿನ ಮತದಾರಳಾಗಿರಬೇಕು, ಓದಲು ಬರಬೇಕು, ಮತದಾನದ ದಿನ ನಸುಕಿಗೇ ಬಂದು ಅಣಕು ಮತದಾನದಿಂದ ಹಿಡಿದು ಯಂತ್ರಕ್ಕೆ ಸೀಲು ಬೀಳುವ ತನಕ ಕೂತಿರಬೇಕು. ಇಷ್ಟೇ ನನ್ನ ಬೇಡಿಕೆ.

ಮೊದಲು ಆಳಂದದ ಕಡೆ. ಕಿಣ್ಣಿ ಸುಲ್ತಾನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಮಹಿಳಾ ಸಮಾವೇಶ ಇಟ್ಟಿದ್ದರು. ಊರ ಬಾಗಿಲಲ್ಲೇ ನನ್ನ ಫೋಟೋ ಇದ್ದ ಬ್ಯಾನರು, ಸುತ್ತ ಹನ್ನೆರಡು ಗಂಡಸರ ಫೋಟೋಗಳು. ಶಾಮಿಯಾನದ ಕೆಳಗೆ ಐವತ್ತು ಅರವತ್ತು ಮಂದಿ ಕೂತಿದ್ದರು, ಎಲ್ಲರೂ ಬಿಳಿ ಅಂಗಿ. ಮುಂದಿನ ಎರಡು ಸಾಲು ಹೆಂಗಸರಿಗೆಂದು ಖಾಲಿ ಬಿಟ್ಟಿದ್ದರು. ಹೆಂಗಸರೆಲ್ಲಿ ಎಂದು ಕೇಳಿದರೆ ಹತ್ತಿ ಬಿಡಿಸಲು ಹೋಗಿದ್ದಾರೆ, ತೊಗರಿ ಕೊಯ್ಲಿಗೆ ಹೋಗಿದ್ದಾರೆ ಎಂದರು. ಅಲ್ಲ, ಎಂಟಕ್ಕೆಲ್ಲ ಟಂಟಂ ಗಾಡಿ ಏರಿ ಹೊಲಕ್ಕೆ ಹೋಗಿ ಸಂಜೆ ಐದಕ್ಕೆ ಬರುವವರಿಗೆ ಹನ್ನೊಂದಕ್ಕೆ ಸಮಾವೇಶ ಇಟ್ಟವರು ಯಾರು? ಕೇಳಿದೆ. ರಾಹುಕಾಲ ನೋಡಿ ಇಟ್ಟಿದ್ದೇವೆ ಎಂದರು.

ಕೊನೆಗೆ ಓಣಿಯಿಂದ ನಾಲ್ವರು ಅಜ್ಜಿಯರನ್ನು ಕರೆತಂದು ಮುಂದಿನ ಸಾಲಿಗೆ ಕೂಡಿಸಿದರು. ಅವರಲ್ಲಿ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಇನ್ನೊಬ್ಬರು ಪಿಂಚಣಿ ಹಂಚುತ್ತಾರೆ ಎಂದು ಬಂದಿದ್ದರು. ಏಳು ಮಂದಿ ಗಂಡಸರು ಮಹಿಳಾ ಸಬಲೀಕರಣದ ಮೇಲೆ ಮಾತಾಡಿದರು. ಒಬ್ಬರಿಗೊಬ್ಬರು ಶಾಲು ಹೊದಿಸಿದರು. ನನ್ನ ಸರದಿ ಬಂದಾಗ ಒಂದೂವರೆ. ನಾನು ಏಜೆಂಟರ ಅರ್ಜಿ ನಮೂನೆ ಎತ್ತಿ ತೋರಿಸಿ, ಹೆಣ್ಣುಮಕ್ಕಳ ಸ್ವಂತ ನಂಬರು ಬೇಕು ಎಂದು ಹೇಳುವಷ್ಟರಲ್ಲಿ ಹಿಂದಿನಿಂದ ಊಟದ ವಾಸನೆ ಬಂತು, ಸಭೆ ಅರ್ಧ ಎದ್ದು ಹೋಯಿತು.

ಊಟವಾದ ಮೇಲೆ ಮುಖಂಡರ ಮನೆಯ ಹೆಣ್ಣುಮಕ್ಕಳು ನನ್ನನ್ನು ಒಳಗೆ ಕರೆದರು. ಉಡಿ ತುಂಬಲು. ಮನೆಗೆ ಬಂದ ಮುತ್ತೈದೆಯನ್ನು ನಮ್ಮ ಕಡೆ ಬರಿಗೈಯಲ್ಲಿ ಕಳಿಸುವುದಿಲ್ಲ. ಮಣೆಯ ಮೇಲೆ ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, ಚಾಚಿದ ಸೆರಗಿನಲ್ಲಿ ಅಕ್ಕಿ, ಕುಬಸದ ಬಟ್ಟೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ ಹಾಕುತ್ತಾರೆ. ನಾನು ಕೂತೆ. ಸೆರಗು ಚಾಚಿದೆ.

ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ತಾಳಿ, ಕಾಲುಂಗುರ ತೆಗೆದಿಟ್ಟಿದ್ದೆ. ಕುಂಕುಮ, ಬಳೆ ಮದುವೆಗೂ ಮುಂಚಿನಿಂದ ಇದ್ದವು, ಅವನ್ನು ಯಾಕೆ ತೆಗೆಯಲಿ ಎಂದು ಬಿಟ್ಟಿದ್ದೆ. ಕಲಬುರಗಿಯಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಹಳ್ಳಿಯಲ್ಲಿ ನನ್ನ ಹಣೆ ನೋಡಿದವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದರೆ ಮಣೆ ಎತ್ತಿಡುತ್ತಾರೆ, ಮಣೆ ಎತ್ತಿಟ್ಟ ಮನೆಯಲ್ಲಿ ಮತ್ತೆ ಕೂತು ಬೂತಿನ ಮಾತು ಆಡಲು ಬರುವುದಿಲ್ಲ. ಅದೂ ಅಲ್ಲದೆ ಹೆಂಗಸರು ನನಗೆ ಗಂಡಸರಿಲ್ಲದೆ ಸಿಗುತ್ತಿದ್ದದ್ದು ಉಡಿ ತುಂಬುವ ಆ ಹತ್ತು ನಿಮಿಷ ಮಾತ್ರ. ಕೆಲಸಕ್ಕಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಹತ್ತು ನಿಮಿಷದಿಂದ ಬಂದದ್ದೇನು? ಮುಖಂಡರ ಹೆಂಡತಿಗೆ ಅವರ ಹೆಸರು ತೋರಿಸಿದೆ. ಅವರು ಪಟ್ಟಿಯನ್ನು ಬಹಳ ಹೊತ್ತು ನೋಡಿ, ಇದು ಯಾವುದಾದರೂ ಸಾಲದ ಕಾಗದವೇನು ಎಂದು ಕೇಳಿದರು. ಆಳಂದದಲ್ಲಿ ಮೂರು ದಿನ ಹೀಗೇ ಹೋಯಿತು. ಗಾಡಿಯ ಹಿಂದಿನ ಸೀಟಿನಲ್ಲಿ ಏಳು ಕುಬಸದ ಬಟ್ಟೆ, ಒಂದು ಚೀಲ ಕೊಬ್ಬರಿ ಕೂತಿದ್ದವು. ಪಟ್ಟಿಯಲ್ಲಿ ನಿಜವಾದ ಹೆಸರು ಎರಡು.

ಅಫಜಲಪುರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಕಾಲ. ಒಂದೊಂದಕ್ಕೆ ಎರಡೆರಡು ಟ್ರಾಲಿ, ಟ್ರಾಲಿಯ ಎರಡೂ ಬದಿ ಕಬ್ಬು ಚಾಚಿಕೊಂಡು ರಸ್ತೆಯೆಲ್ಲ ಅವರದೇ. ಭೀಮಾ ದಂಡೆಯ ಮಣ್ಣೂರಿಗೆ ಹತ್ತಕ್ಕೆ ಬರುತ್ತೇವೆ ಎಂದಿದ್ದೆವು, ಹನ್ನೆರಡೂವರೆಗೆ ಮುಟ್ಟಿದೆವು. ಅಲ್ಲಿಯ ಪಟ್ಟಿಯಲ್ಲಿದ್ದ ಮೂವರಲ್ಲಿ ಒಬ್ಬರು ಮಗಳ ಬಾಣಂತನಕ್ಕೆ ಸೊಲ್ಲಾಪುರಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಇನ್ನೊಬ್ಬರು ಪಟ್ಟಿ ಬರೆದವರ ಹೆಂಡತಿ, ಬಾಗಿಲ ಮರೆಯಿಂದ ಹೊರಗೆ ಬರಲಿಲ್ಲ. ಮೂರನೆಯ ಹೆಸರಿನವರು ಈ ಓಣಿಯಲ್ಲಿ ಯಾರೂ ಇಲ್ಲ ಎಂದು ಓಣಿಯವರೆಲ್ಲ ಸೇರಿ ತೀರ್ಮಾನಿಸಿದರು.

ಆದರೆ ಪಟ್ಟಿ ಬರೆದವರ ಮನೆಯ ಸೊಸೆ, ಚಾ ತಂದವಳು, ನಿಂತೇ ಇದ್ದಳು. ನಾನು ಮತದಾರರ ಪಟ್ಟಿ ಬಿಡಿಸಿದಾಗ ತಾನೇ ಮುಂದೆ ಬಂದು ಭಾಗದ ಸಂಖ್ಯೆ, ಕ್ರಮ ಸಂಖ್ಯೆ, ಮನೆ ನಂಬರು ಎಲ್ಲ ಗಟ್ಟಿಯಾಗಿ ಓದಿದಳು. ಮತ ಹಾಕಲು ಬಂದವರು ಬೇರೆ ಎಂದು ಅನಿಸಿದರೆ ಏನು ಮಾಡಬೇಕು ಎಂದು ಕೇಳಿದಳು. ಅಧಿಕಾರಿಗೆ ಆಕ್ಷೇಪ ಹೇಳಬೇಕು, ಎರಡು ರೂಪಾಯಿ ಠೇವಣಿ ಕಟ್ಟಬೇಕು, ಅವರು ವಿಚಾರಣೆ ಮಾಡುತ್ತಾರೆ ಎಂದೆ. ಎರಡೇ ರೂಪಾಯಿಯೇ ಎಂದು ನಕ್ಕಳು. ಆರು ದಿನದಲ್ಲಿ ಈ ಕೆಲಸದ ಬಗ್ಗೆ ಪ್ರಶ್ನೆ ಕೇಳಿದ ಮೊದಲನೇ ಹೆಣ್ಣುಮಗಳು. ನನಗೆ ಎದ್ದು ಅಪ್ಪಿಕೊಳ್ಳಬೇಕೆನಿಸಿತು. ನಮೂನೆ ತೆಗೆದು ಹೆಸರು ಬರೆದೆ, ಗುರುತಿನ ಚೀಟಿ ತರಲು ಹೇಳಿದೆ. ಚೀಟಿ ತಂದಳು. ಅದು ಅಕ್ಕಲಕೋಟ ಕಡೆಯ ಅವಳ ತವರಿನದು, ಮರಾಠಿಯಲ್ಲಿತ್ತು. ಮದುವೆಯಾಗಿ ಮೂರು ವರ್ಷವಾದರೂ ಅವಳ ಮತ ಗಡಿಯಾಚೆಯೇ ಉಳಿದಿತ್ತು. ವರ್ಗ ಮಾಡಿಸಿಕೊಡಲು ಗಂಡನಿಗೆ ಫುರಸತ್ತಾಗಿರಲಿಲ್ಲವಂತೆ.

ಬರೆದ ನಮೂನೆ ಹರಿದೆ. ವಿಳಾಸ ಬದಲಾವಣೆಯ ಅರ್ಜಿ ತುಂಬಿ ಅವಳ ಕೈಗೆ ಕೊಟ್ಟೆ, ಗಂಡನ ಮುಂದೆಯೂ ಎರಡು ಸಲ ಹೇಳಿದೆ. ಅವನು ಹೂಂ ಅಂದ. ಆ ಹೂಂ ನನಗೆ ಚೆನ್ನಾಗಿ ಗೊತ್ತಿತ್ತು, ಅರ್ಜಿ ದೇವರ ಫೋಟೋದ ಹಿಂದೆ ಸೇರುತ್ತದೆ. ಅಲ್ಲಿಯೂ ಉಡಿ ತುಂಬಿದರು. ಅವಳ ಅತ್ತೆಯೇ ತುಂಬಿದರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂದಿದ್ದನ್ನು ನೋಡಿ ತವರಿನ ನೆನಪಾಯಿತೇನವ್ವಾ ಎಂದು ಕೇಳಿದರು.

ವಾಪಸು ಬರುವಾಗ ಮತ್ತೆ ಕಬ್ಬಿನ ಟ್ರಾಲಿಯ ಹಿಂದೆ ಸಿಕ್ಕೆವು. ಟ್ರಾಲಿಯ ಟೈರು ಪಂಕ್ಚರಾಗಿ ರಸ್ತೆಗೆ ಅಡ್ಡ ನಿಂತಿತ್ತು. ಒಂದು ತಾಸು ಕದಲಲಿಲ್ಲ. ಅಫಜಲಪುರದ ಮೂರು ದಿನಕ್ಕೂ ಸಿಕ್ಕದ್ದು ಎರಡೇ ಹೆಸರು. ನಾನು ಗಾಡಿಯಲ್ಲೇ ಕೂತು ಸಭೆ ಇಟ್ಟವರನ್ನು, ಶಾಲು ತಂದವರನ್ನು, ಸುತ್ತೋಲೆ ಬರೆದವರನ್ನು ಒಬ್ಬೊಬ್ಬರನ್ನಾಗಿ ಬೈದೆ. ಚಾಚಾ ಎಲ್ಲ ಕೇಳಿಸಿಕೊಂಡು ಕನ್ನಡಿ ಒರೆಸುತ್ತಾ ಹೇಳಿದರು.

“ಅಕ್ಕಾರ, ನಮ್ಮ ಮನ್ಯಾಗಿನಾಕಿ ಭಾಷಣಕ್ಕ ಎಂದೂ ಹೋಗ್ಯಾಳಂತ ಮಾಡೀರೇನು? ಆಕಿ ಸಿಗೋದು ಎರಡಾ ಕಡಿ. ಇಲ್ಲಾ ರೇಷನ್ ಅಂಗಡಿ ಸಾಲಿನ್ಯಾಗ, ಇಲ್ಲಾ ಹಿಟ್ಟಿನ ಗಿರಣ್ಯಾಗ.”

ಆರು ದಿನ ನನಗೆ ಹೊಳೆಯದ ಮಾತು. ಅಲ್ಲಿಂದಲೇ ಜೇವರ್ಗಿ ತಾಲೂಕು ಅಧ್ಯಕ್ಷರಿಗೆ ಫೋನ್ ಮಾಡಿ ಎಲ್ಲ ಊರಿನ ಸಭೆಗಳನ್ನೂ ರದ್ದು ಮಾಡಿ ಎಂದೆ. ಶಾಮಿಯಾನ ಬೇಡ, ಬ್ಯಾನರು ಬೇಡ, ಸಂಜೆ ಐದಕ್ಕೆ ಊರಿನ ಗಿರಣಿ ಎಲ್ಲಿದೆ ಎಂದು ತೋರಿಸಿದರೆ ಸಾಕು. ಅವರಿಗೆ ಬೇಜಾರಾಯಿತು. ಮಂದಿಗೆ ಹೇಳಿಯಾಗಿದೆ, ಗಿರಣಿಯಲ್ಲಿ ನಿಂತು ಮಾತಾಡಿದರೆ ಪಕ್ಷದ ಮರ್ಯಾದೆ ಏನಾಗಬೇಕು ಎಂದರು. ಒಳ್ಳೆಯ ಮನುಷ್ಯ. ಕಾರ್ಯಕರ್ತರ ಮನೆಯ ಮದುವೆ, ಆಸ್ಪತ್ರೆ, ಮಣ್ಣು ಯಾವುದನ್ನೂ ತಪ್ಪಿಸಿದವರಲ್ಲ, ಸ್ವಂತ ಬೈಕಿನ ಮೇಲೆ ತಾಲೂಕೆಲ್ಲ ತಿರುಗುವವರು. ನಾನು ಪಟ್ಟು ಬಿಡಲಿಲ್ಲ, ಕೊನೆಗೆ ಒಪ್ಪಿದರು.

ಮೊದಲೆರಡು ಊರಿನಲ್ಲಿ ಗಿರಣಿಯೂ ಅಷ್ಟಕ್ಕಷ್ಟೇ. ಹೆಂಗಸರೇನೋ ಇದ್ದರು, ಜೋಳದ ಡಬ್ಬಿ ಇಟ್ಟು ಸರದಿ ಕಾಯುತ್ತಿದ್ದರು, ಮಾತೂ ಆಡಿದರು. ಆದರೆ ಅಧ್ಯಕ್ಷರು ಮರ್ಯಾದೆಗೆಂದು ಕರೆತಂದ ಹತ್ತು ಗಂಡಸರು ಬಾಗಿಲಿಗೆ ಬಂದು ನಿಂತ ಕೂಡಲೇ ಎಲ್ಲರ ಸೆರಗು ಮುಂದೆ ಬಂತು, ಬಾಯಿ ಮುಚ್ಚಿತು. ದೂರ ನಿಲ್ಲಿ ಎಂದೆ. ಹತ್ತು ಹೆಜ್ಜೆ ದೂರ ಹೋಗಿ ನಿಂತು ಅಲ್ಲಿಂದ ನೋಡತೊಡಗಿದರು. ಒಂದು ಕಡೆ ಗಿರಣಿಯವನೇ ಗಿರಾಕಿಗಳಿಗೆ ತಡವಾಗುತ್ತದೆ ಎಂದು ನನ್ನನ್ನು ಹೊರಗೆ ಕಳಿಸಿದ. ಆದರೂ ಎರಡು ಊರಿನಿಂದ ಆರು ಹೆಸರು ಸಿಕ್ಕವು. ಆರೂ ಜನ ನಮೂನೆಗೆ ತಾವೇ ಸಹಿ ಹಾಕಿದರು. ನಂಬರು ಕೇಳಿದಾಗ ಮಾತ್ರ ಐವರು ಗಂಡನದೇ ಕೊಟ್ಟರು, ಮನೆಯಲ್ಲಿ ಇರುವುದೇ ಒಂದು ಫೋನು. ಆರನೆಯವಳು ಮಗನದು ಕೊಟ್ಟಳು.

ಎಂಟನೇ ದಿನ ಕೊಳಕೂರು. ಗಂಡಸರನ್ನೆಲ್ಲ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಾಚಾನ ಹತ್ತಿರ ಕೂಡಿಸಿ ನಾನೊಬ್ಬಳೇ ಗಿರಣಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಗಿರಣಿ ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಹೆಂಗಸು. ಬರಿ ಹಣೆ, ಬರಿ ಕೈ, ರೆಪ್ಪೆಯ ಮೇಲೆಲ್ಲ ಹಿಟ್ಟಿನ ಧೂಳು. ಊರವರು ಗಿರಣಿ ಅಕ್ಕಾ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಅವನ ಗಿರಣಿ ಮುಚ್ಚಲು ಬಿಡದೆ ಹನ್ನೆರಡು ವರ್ಷದಿಂದ ತಾವೇ ನಡೆಸಿದ್ದರು. ಪಟ್ಟಾ ತಿರುಗುವ ಸದ್ದಿನಲ್ಲಿ ನನ್ನ ಮಾತು ಅವರಿಗೆ, ಅವರ ಮಾತು ನನಗೆ ಕೂಗಿದರಷ್ಟೇ ಕೇಳುತ್ತಿತ್ತು. ನಾನು ಮತದಾರರ ಪಟ್ಟಿ ತೆಗೆದು ಮುಂದೆ ಹಿಡಿದೆ.

ಆ ಪಟ್ಟಿ ಜೆರಾಕ್ಸಿನ ಜೆರಾಕ್ಸು. ಹೆಂಗಸರ ಫೋಟೋಗಳೆಲ್ಲ ಮಸಿ ಮೆತ್ತಿದಂತೆ ಕಪ್ಪಗಿದ್ದವು. ನಾನು ಹೆಸರಿನ ಮೇಲೆ ಕೈ ಮುಚ್ಚಿ ಒಂದು ಫೋಟೋ ತೋರಿಸಿದೆ. ಅವರು ಒಮ್ಮೆ ನೋಡಿ, ಇಂಥವರ ಎರಡನೇ ಸೊಸೆ, ಈಗ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾಳೆ, ಯುಗಾದಿಗೆ ಬರುತ್ತಾಳೆ ಎಂದರು. ಇನ್ನೊಂದು ತೋರಿಸಿದೆ. ಇವಳು ಸತ್ತು ಎರಡು ವರ್ಷ. ಮತ್ತೊಂದು. ಇವಳು ಇಲ್ಲೇ ನಿಂತಿದ್ದಾಳಲ್ಲ, ಕೆಂಪು ಡಬ್ಬಿಯವಳು. ಇಪ್ಪತ್ತು ಫೋಟೋ ತೋರಿಸಿದೆ, ಇಪ್ಪತ್ತೂ ಸರಿ. ಕಣ್ಣು ಪಟ್ಟಿಯ ಮೇಲೆ, ಕೈ ಹಿಟ್ಟಿನ ಮೇಲೆ, ನುಣ್ಣಗಾಯಿತೋ ಇಲ್ಲವೋ ಎಂದು ಬೆರಳಲ್ಲಿ ತಿಕ್ಕಿ ನೋಡುತ್ತಲೇ ಹೇಳಿದರು. ಊರಿನ ಪ್ರತಿ ಮನೆಯ ಹೆಂಗಸೂ ವಾರಕ್ಕೊಮ್ಮೆ ಅವರ ಮುಂದೆ ಬಂದು ನಿಲ್ಲುತ್ತಿದ್ದಳು, ಅಲ್ಲಿ ಯಾರೂ ಸೆರಗು ಮುಂದೆ ಎಳೆಯುತ್ತಿರಲಿಲ್ಲ.

ಏಜೆಂಟ್ ಆಗುತ್ತೀರಾ ಎಂದೆ. ಗಿರಣಿ ಬಂದ್ ಮಾಡಿದರು. ಸದ್ದು ನಿಂತ ಮೇಲೆ ಅವರು ಕೇಳಿದ್ದು ಒಂದೇ. ಎಷ್ಟು ಹೊತ್ತಿಗೆ ಬರಬೇಕು? ಐದೂವರೆಗೆ ಎಂದೆ. ತಾನು ದಿನಾ ಏಳುವುದು ನಾಲ್ಕಕ್ಕೆ ಎಂದರು. ಏಳನೇ ಈಯತ್ತೆ ಓದಿದ್ದರು, ಸಹಿ ದುಂಡಗಿತ್ತು. ನಂಬರು ಕೇಳಿದೆ. ಗಿರಣಿಯ ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದದ್ದನ್ನು ತೋರಿಸಿದರು. ಅವರದೇ ನಂಬರು. ಅದನ್ನು ಪಟ್ಟಿಯಲ್ಲಿ ಬರೆಯುವಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಸಲ ಬರೆದೆ.

ಗಂಡಸರಿದ್ದ ಕಡೆ ಸುದ್ದಿ ಮುಟ್ಟಲು ಹತ್ತು ನಿಮಿಷ ಸಾಕಾಯಿತು. ದೀಪ ಹಚ್ಚುವ ಹೊತ್ತಿಗೆ ಬಂದ ಹೆಣ್ಣುಮಗಳು ಹಾಗೇ ಹೋಗಬಾರದು ಎಂದು ಊರ ಮುಖಂಡರ ಮನೆಗೆ ಕರೆ ಬಂತು. ಗಿರಣಿ ಅಕ್ಕಾನನ್ನೂ ಕರೆದುಕೊಂಡೇ ಹೋದೆ, ಅವರ ಪರಿಚಯ ಮಾಡಿಸೋಣ ಎಂದು. ಅವರು ಮತದಾರರ ಪಟ್ಟಿಯನ್ನು ಎದೆಗೆ ಹಿಡಿದುಕೊಂಡು ಬಂದರು. ಪಡಸಾಲೆಯವರೆಗೆ ಬಂದು ನಿಂತರು. ಒಳಗೆ ಬನ್ನಿ ಎಂದೆ, ಇಲ್ಲೇ ಇರುತ್ತೇನೆ ಎಂದರು.

ತಾಲೂಕು ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. ನಿಂತ ಜಾಗದ ಮೇಲಿನ ಗೋಡೆಯಲ್ಲಿ ಬಸವಣ್ಣನ ದೊಡ್ಡ ಫೋಟೋ ಇತ್ತು, ಅದಕ್ಕೆ ಆ ದಿನದ ಹೂವು ಏರಿಸಿದ್ದರು. ಅಧ್ಯಕ್ಷರ ದನಿ ಬಹಳ ಮೆತ್ತಗಿತ್ತು.

“ಅಕ್ಕಾರ, ಆಕಿ ಹೆಸರು ಬ್ಯಾಡ್ರಿ. ಭಾಳ ಚಲೋ ಹೆಣ್ಣಮಗಳು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಮತದಾನದ ದಿನ ನಸುಕಿನ್ಯಾಗ ಬೂತ್ ಬಾಗಲಾಗ ಮೊದಲ ಆಕಿ ಮಾರಿ ನೋಡೂದಂದ್ರ ಮಂದಿ ಏನಂತಾರ? ಕ್ಯಾಂಡಿಡೇಟ್ ಅರೆ ಏನಂದಾರು? ಈ ಮನಿ ಸೊಸಿ ಹೆಸರು ಬರೀರಿ, ಮುತ್ತೈದಿ ಅದಾಳ.”

ಆ ಸೊಸೆಗೆ ಓದು ಬರುತ್ತದೆಯೇ ಎಂದೆ. ಅದೇನು ದೊಡ್ಡದಲ್ಲ, ಪಕ್ಕದಲ್ಲಿ ಯಾರನ್ನಾದರೂ ಕೂಡಿಸೋಣ ಎಂದರು. ನಾನು ಉತ್ತರ ಕೊಡುವ ಮೊದಲೇ ಮನೆಯ ಹೆಣ್ಣುಮಕ್ಕಳು ಬಂದು ಕೈ ಹಿಡಿದು ಒಳಗೆ ಕರೆದೊಯ್ದರು. ಮಣೆ ಹಾಕಿತ್ತು. ತಟ್ಟೆಯಲ್ಲಿ ಹಸಿರು ಕುಬಸದ ಬಟ್ಟೆ, ಅಕ್ಕಿ, ಕೊಬ್ಬರಿ. ಮುಖಂಡರ ತಾಯಿ, ಎಂಬತ್ತರ ಮುದುಕಿ, ಗೋಡೆಗೆ ಒರಗಿ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು. ಸೊಸೆ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಸೆರಗು ಚಾಚಿರಿ ಎಂದಳು.

ಮಣೆಯ ಮೇಲೆ ಕೂತರೆ ಬಾಗಿಲಾಚೆ ಪಡಸಾಲೆ ಕಾಣುತ್ತಿತ್ತು. ಗಿರಣಿ ಅಕ್ಕಾ ನಮ್ಮ ಕಡೆ ನೋಡದೆ, ಕಂಬದ ಬಲ್ಬಿನ ಬೆಳಕಿಗೆ ಪಟ್ಟಿ ಹಿಡಿದು ಓದುತ್ತಿದ್ದರು. ಆಗಲೇ ಕೆಲಸ ಶುರು ಮಾಡಿದ್ದರು. ಇವರ ಮುಖ ಆಗದು ಎಂದ ಮನೆಯಲ್ಲಿ ನಾನು ಕುಂಕುಮ ಹಚ್ಚಿಸಿಕೊಂಡು ಕೂತಿದ್ದೆ. ಇಬ್ಬರ ಹಣೆಬರಹವೂ ಒಂದೇ, ನನ್ನದು ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಈಗ ಸೆರಗು ಚಾಚಿದರೆ ಅಧ್ಯಕ್ಷರ ಮಾತಿಗೆ ನಾನು ಒಪ್ಪಿದಂತೆ. ಚಾಚದಿದ್ದರೆ ನಾಳೆ ಉಳಿದ ಊರುಗಳ ಬಾಗಿಲು ತೆರೆಯುವುದಿಲ್ಲ. ಇದನ್ನೆಲ್ಲ ಆಗ ಇಷ್ಟು ಸ್ಪಷ್ಟವಾಗಿ ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ನಾಚಿಕೆಯಾಯಿತು, ಅದು ಮಾತ್ರ ಗೊತ್ತು.

“ನನಗ ಉಡಿ ತುಂಬಬ್ಯಾಡ್ರಿ” ಎಂದೆ. “ನಮ್ಮ ಮನಿಯವರು ಹೋಗಿ ನಾಕ ವರ್ಷ ಆತು.”

ಸೊಸೆಯ ಕೈಯಲ್ಲಿದ್ದ ಅಕ್ಕಿ ಕೈಯಲ್ಲೇ ಉಳಿಯಿತು. ಅವಳು ಅತ್ತೆಯ ಮುಖ ನೋಡಿದಳು, ಅತ್ತೆ ಮುದುಕಿಯ ಮುಖ ನೋಡಿದರು. ಮುದುಕಿ ಸಿಟ್ಟು ಮಾಡಲಿಲ್ಲ. ಮೊದಲೇ ಹೇಳಬೇಕಾಗಿತ್ತಲ್ಲವ್ವಾ ಎಂದು ಮಾತ್ರ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಎಂಟು ದಿನ ಮೊದಲೇ ಹೇಳಬೇಕಾಗಿತ್ತು. ನಾನು ಎದ್ದು ಕೈ ಮುಗಿದೆ. ತಟ್ಟೆ ಒಳಗೆ ಹೋಯಿತು. ಪಡಸಾಲೆಗೆ ಬಂದು ಅಧ್ಯಕ್ಷರಿಗೆ, ಗಿರಣಿ ಅಕ್ಕಾನ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ ಎಂದೆ.  ಕುಂಕುಮ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವ ಆಸೆ ಅವರ ಮುಖದಲ್ಲಿತ್ತು, ಕೇಳಲಿಲ್ಲ. ಗಾಡಿಯವರೆಗೆ ಬೀಳ್ಕೊಡಲು ಯಾರೂ ಬರಲಿಲ್ಲ. ಗಿರಣಿ ಅಕ್ಕಾ ಒಬ್ಬರೇ ಬಂದರು. ನಿಮಗೆ ನನ್ನಿಂದ ಊರಲ್ಲಿ ತೊಂದರೆಯಾಗಬಹುದು, ನಾನು ಹೀಗೆ ಅಂತ ಗಿರಣಿಯಲ್ಲೇ ನಿಮಗೆ ಹೇಳಬೇಕಾಗಿತ್ತು ಎಂದೆ.

“ನನಗ ಗೊತ್ತಿತ್ರಿ” ಎಂದರು. “ಚಪ್ಪಲಿ ಬಿಟ್ಟು ಒಳಗ ಬಂದ್ರಲ್ಲ, ಕಾಲಾಗ ಉಂಗುರಿಲ್ಲ. ಬೆರಳಿಗಿ ಉಂಗುರದ ಗುರುತು ಮಾತ್ರ ಅದ. ಹೆಣ್ಣಮಕ್ಕಳ ಗುರ್ತ ಹಿಡ್ಯಾಕ ಆಗ್ತದೇನಂತ ನನ್ನ ಕೇಳಾಕತ್ತಿದ್ರಿ ನೀವು.”

ನನಗೆ ನಗು ಬಂತು, ಅವರೂ ನಕ್ಕರು. ಗಾಡಿ ಹೊರಟ ಮೇಲೆ ನನಗೆ ಅಳು ಬಂತು, ಚಾಚಾ ಕನ್ನಡಿಯಲ್ಲಿ ನೋಡಿಯೂ ನೋಡದವರಂತೆ ಓಡಿಸಿದರು.

ಒಂಬತ್ತನೇ ದಿನ ಬೆಳಿಗ್ಗೆ, ಅಂದು ಹೋಗಬೇಕಿದ್ದ ಮೂರು ಊರಿನಿಂದ ಒಂದರ ಹಿಂದೆ ಒಂದು ಫೋನ್ ಬಂದವು. ಒಂದು ಊರಿನಲ್ಲಿ ಮುಖಂಡರಿಗೆ ಜ್ವರ, ಇನ್ನೊಂದರಲ್ಲಿ ಯಾರದೋ ತಿಥಿ, ಮೂರನೆಯವರು ಕಾರಣವನ್ನೂ ಹೇಳಲಿಲ್ಲ. ಜೇವರ್ಗಿಯ ಬಸ್ ನಿಲ್ದಾಣದ ಎದುರು ಚಾ ಕುಡಿದು ಕಲಬುರಗಿಗೆ ಮರಳಿದೆವು. ಒಂಬತ್ತು ದಿನದ ಗಳಿಕೆ ಹನ್ನೊಂದು ಹೆಸರು. ಮೂರು ತಾಲೂಕಿಗೆ ಹನ್ನೊಂದು. ಉಳಿದ ಸಾಲುಗಳನ್ನೆಲ್ಲ ಖಾಲಿ ಬಿಟ್ಟೆ.

ಮರುದಿನ ಜಿಲ್ಲಾ ಅಧ್ಯಕ್ಷರ ಮುಂದೆ ಪಟ್ಟಿ ಇಟ್ಟಾಗ ಅವರ ಮೇಜಿನ ಮೇಲೆ ಜೇವರ್ಗಿಯಿಂದ ಬಂದ ಇನ್ನೊಂದು ಪಟ್ಟಿ ಆಗಲೇ ಇತ್ತು. ಟೈಪು ಮಾಡಿದ್ದು, ಎಲ್ಲ ಸಾಲೂ ತುಂಬಿದ್ದು. ಕೊಳಕೂರಿನ ಮುಂದೆ ಆ ಮನೆಯ ಸೊಸೆಯ ಹೆಸರು. ಅಧ್ಯಕ್ಷರು ಎರಡನ್ನೂ ಪಕ್ಕ ಪಕ್ಕ ಇಟ್ಟು, ರಾಜ್ಯ ಕಚೇರಿಗೆ ಖಾಲಿ ಕಾಗದ ಕಳಿಸಲಿಕ್ಕಾಗುತ್ತದೆಯೇ ಎಂದು ರೇಗಿದರು. ಗಿರಣಿಯವರ ವಿಷಯವೂ ಅವರ ಕಿವಿಗೆ ಬಂದಿತ್ತು. ತನಗೆ ಇಂಥ ನಂಬಿಕೆಗಳಿಲ್ಲ, ಆದರೆ ಮಂದಿಯ ಮನಸ್ಸಿಗೆ ವಿರುದ್ಧ ಹೋಗಿ ಮತ ಕೇಳುವುದು ಹೇಗೆ ಎಂದರು. ಹೋದ ಸಲ ಮಂದಿಯ ಮನಸ್ಸಿನಂತೆಯೇ ಪಟ್ಟಿ ಮಾಡಿದ್ದೆವು, ಮತ ಎ‍ಷ್ಟು ಬಂದವು ನಿಮಗೇ ಗೊತ್ತು ಎಂದೆ. ನನ್ನ ದನಿಯೂ ಏರಿತ್ತು. ವಾದ ಬೇಡ, ಎರಡೂ ಪಟ್ಟಿಯಿಂದ ನಿಮಗೆ ಬೇಕಾದ ನಂಬರಿಗೆ ನೀವೇ ಫೋನ್ ಹಚ್ಚಿ, ಆಮೇಲೆ ಯಾವ ಕಾಗದಕ್ಕೆ ಸಹಿ ಹಾಕಲು ಹೇಳುತ್ತೀರೋ ನೋಡೋಣ ಎಂದೆ.

ಅವರು ಸ್ಪೀಕರ್ ಹಾಕಿ ಟೈಪು ಮಾಡಿದ ಪಟ್ಟಿಯ ಕೊಳಕೂರಿನ ಸೊಸೆಯ ನಂಬರು ಒತ್ತಿದರು. ಎತ್ತಿದ್ದು ಅವಳ ಗಂಡ, ಏನಿತ್ತು ನನಗ ಹೇಳ್ರಿ ಎಂದ. ಇನ್ನೊಂದು ಹಚ್ಚಿದರು. ಇನ್ನೊಬ್ಬ ಗಂಡ, ಅದೇ ಮಾತು. ಮೂರನೆಯದಕ್ಕೆ ನನ್ನ ಪಟ್ಟಿಯಲ್ಲಿ ಎರಡು ಸಲ ಬರೆದಿದ್ದ ನಂಬರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿ ಒತ್ತಿದರು. ಆ ಕಡೆ ಗಿರಣಿಯ ಸದ್ದು ಜೋರಾಗಿ ಕೇಳಿತು. ಅಧ್ಯಕ್ಷರು ಪಕ್ಷದ ಕಚೇರಿಯಿಂದ ಮಾತಾಡುತ್ತಿದ್ದೇನೆ ಎಂದರು, ಆಮೇಲೆ ರೂಢಿಯಂತೆ, “ಮನ್ಯಾಗ ಗಂಡಸರು ಯಾರರೆ ಇದ್ರ ಅವರ ಕೈಯಾಗ ಕೊಡ್ರಿ” ಎಂದರು.

ಗಿರಣಿ ನಿಂತಿತು.

“ಗಂಡಸರು ಯಾರೂ ಇಲ್ರಿ. ನಾನಾ ಇದ್ದೇನಿ. ಏನಿತ್ತು ನನಗ ಹೇಳ್ರಿ.”

 ಅಧ್ಯಕ್ಷರು ಫೋನನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಹೇಳಬೇಕಾದದ್ದನ್ನು ಅವರೇ ಹೇಳಲಿ ಎಂದು ಅವರ ಕಡೆಗೇ ಸರಿಸಿದೆ.